2-8-8-8-2: 24 ಎಳೆಯುವ ಚಕ್ರ, ಒಂದೇ ಬಾಯ್ಲರ್

ಗಾಲಿಲೆಕ್ಕ:

ಮ್ಯಾಲೆಟ್ ಎಂಜಿನ್ (ಒಂದೇ ಬಾಯ್ಲರ್ ಕೆಳಗೆ ಎರಡು ಗುಂಪು ಎಳೆಯುವ ಚಕ್ರ ಇರುವ ಉಗಿ ಎಂಜಿನ್) ಅಂದ ಕೂಡಲೇ ನಮ್ಮ ಮಾತು ಅಮೆರಿಕದ ಬಿಗ್ ಬಾಯ್ ಎಂಜಿನ್ ಹತ್ತಿರ ಹೋಗಿ ನಿಲ್ಲುತ್ತದೆ. ಅದು ದೊಡ್ಡದು, ಚೆಂದದ್ದು, ಅದರಲ್ಲಿ ಒಂದು ಇವತ್ತಿಗೂ ಓಡುತ್ತಿದೆ. ಆದರೆ ಬಿಗ್ ಬಾಯ್ ಹುಟ್ಟಿದ್ದು 1941ರಲ್ಲಿ. ಅದಕ್ಕೂ 27 ವರ್ಷ ಮೊದಲು, 1914ರಲ್ಲಿ, ಅಮೆರಿಕದ ಈರಿ ರೈಲ್ವೆಗೆ ಒಂದು ಎಂಜಿನ್ ಬಂತು. ಅದಕ್ಕೆ ಬಿಗ್ ಬಾಯ್‌ಗಿಂತ 8 ಎಳೆಯುವ ಚಕ್ರ ಜಾಸ್ತಿ! ಅದರ ಬಗ್ಗೆ ಇಲ್ಲಿ ಯಾರೂ ವಿವರವಾಗಿ ಬರೆದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹೊಸಬರಿಗಾಗಿ ಮೊದಲು ಚಕ್ರದ ಲೆಕ್ಕ. ಎಂಜಿನ್‌ನ ಎರಡೂ ಬದಿಯ ಚಕ್ರಗಳನ್ನು ಸೇರಿಸಿ, ಮುಂದಿನಿಂದ ಹಿಂದಕ್ಕೆ ಎಣಿಸುತ್ತಾರೆ. 2-8-8-8-2 ಅಂದರೆ ಮುಂದೆ 2 ಸಣ್ಣ ಚಕ್ರ, ಆಮೇಲೆ ಎಂಟೆಂಟು ಚಕ್ರಗಳ ಮೂರು ಗುಂಪು, ಕೊನೆಗೆ ಮತ್ತೆ 2 ಸಣ್ಣ ಚಕ್ರ. ಒಟ್ಟು 28. ಅದರಲ್ಲಿ 24 ಚಕ್ರಗಳನ್ನು ಪಿಸ್ಟನ್‌ಗಳು ತಿರುಗಿಸುತ್ತವೆ.

ಇಷ್ಟೂ ಚಕ್ರಗಳನ್ನು ಒಂದೇ ಗಟ್ಟಿ ಚೌಕಟ್ಟಿಗೆ ಜೋಡಿಸಿದರೆ ತಿರುವಿನಲ್ಲಿ ಎಂಜಿನ್ ಬಾಗುವುದಿಲ್ಲ, ಹಳಿ ಬಿಟ್ಟು ಇಳಿಯುತ್ತದೆ. ಸ್ವಿಸ್ ಎಂಜಿನಿಯರ್ ಅನಾತೊಲ್ ಮ್ಯಾಲೆಟ್ 1884ರಲ್ಲಿ ಇದಕ್ಕೊಂದು ಪೇಟೆಂಟ್ ಪಡೆದರು. ಹಿಂದಿನ ಚಕ್ರಗಳ ಚೌಕಟ್ಟು ಬಾಯ್ಲರ್‌ಗೆ ಭದ್ರವಾಗಿ ಸೇರಿರುತ್ತದೆ. ಮುಂದಿನದು ಕೀಲಿನ ಮೇಲೆ ಆಚೀಚೆ ತಿರುಗುತ್ತದೆ. ಬಾಯ್ಲರ್‌ನ ಉಗಿ ಮೊದಲು ಹಿಂದಿನ ಸಿಲಿಂಡರ್‌ಗಳಲ್ಲಿ ಕೆಲಸ ಮಾಡಿ, ಒತ್ತಡ ಇಳಿದ ಮೇಲೆ ಮುಂದಿನ ದೊಡ್ಡ ಸಿಲಿಂಡರ್‌ಗಳಿಗೆ ಹೋಗುತ್ತದೆ. ಬಾಗುವ ಕೊಳವೆಯಲ್ಲಿ ಕಡಿಮೆ ಒತ್ತಡದ ಉಗಿ ಮಾತ್ರ ಹರಿಯುವುದರಿಂದ ಸೋರಿಕೆ ಕಡಿಮೆ. ಅಮೆರಿಕದಲ್ಲಿ ಇಂಥ ಮೊದಲ ಎಂಜಿನ್ ಬಂದದ್ದು 1904ರಲ್ಲಿ, ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆಗೆ. ಹತ್ತೇ ವರ್ಷದಲ್ಲಿ ಎಂಜಿನ್ ತಯಾರಿಸುವ ಬಾಲ್ಡ್‌ವಿನ್ ಕಂಪನಿಯ ಸಲಹೆಗಾರ ಎಂಜಿನಿಯರ್ ಜಾರ್ಜ್ ಹೆಂಡರ್‌ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎರಡು ಗುಂಪು ಚಕ್ರ ಬಾಯ್ಲರ್ ಕೆಳಗೆ ಇದ್ದೇ ಇದೆ, ಮೂರನೆಯದನ್ನು ಟೆಂಡರ್ ಕೆಳಗೆ ಇಡೋಣ ಎಂದರು. ಹಾಗೆ ಹುಟ್ಟಿದ್ದು ಟ್ರಿಪ್ಲೆಕ್ಸ್.

ಈರಿಯ ಮೊದಲ ಟ್ರಿಪ್ಲೆಕ್ಸ್‌ಗೆ ಆ ರೈಲ್ವೆಯ ಹಿರಿಯ ಡ್ರೈವರ್ ಮ್ಯಾಟ್ ಎಚ್. ಶೇ ಅವರ ಹೆಸರಿಟ್ಟರು. ಎಳೆಯುವ ಬಲ 1,60,000 ಪೌಂಡ್. ತೂಕ ಸುಮಾರು 387 ಟನ್. 1914ರ ಜುಲೈನಲ್ಲಿ ಪರೀಕ್ಷೆಗೆಂದು 250 ತುಂಬಿದ ವ್ಯಾಗನ್ ಕಟ್ಟಿದರು. ರೈಲಿನ ಉದ್ದ ಒಂದೂವರೆ ಮೈಲಿಗಿಂತ ಜಾಸ್ತಿ. ಅದನ್ನೂ ಎಳೆಯಿತು.

ಇಷ್ಟಾಗಿಯೂ ಈ ಜಾತಿಯ ಎಂಜಿನ್ ಒಟ್ಟು ನಾಲ್ಕೇ ತಯಾರಾದವು. ಈರಿಗೆ ಮೂರು, ವರ್ಜೀನಿಯನ್ ರೈಲ್ವೆಗೆ ಒಂದು. ಇದು ಹುಚ್ಚು ಯೋಚನೆ ಎಂದು ಬಹಳ ಕಡೆ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಯೋಚನೆಯಲ್ಲಿ ತರ್ಕ ಇತ್ತು. ಚಕ್ರ ಬೆಳೆದಷ್ಟು ಬೆಂಕಿ ಬೆಳೆಯಲಿಲ್ಲ, ಅಷ್ಟೇ. ಬಾಯ್ಲರ್ ಬಲ್ಲವರು ಇದರ ಬಗ್ಗೆ ಬರೆಯಬೇಕು ಅನ್ನೋದು ನನ್ನ ಆಸೆ.

ಹುಬ್ಬಳ್ಳಿ ಜಂಕ್ಷನ್:

ಛಲೋ ವಿಷಯ ತೆಗೆದ್ರಿ ಸರ್. ನನಗೆ ಎರಡು ಸಂಶಯ. ಟೆಂಡರ್ ಅಂದರೆ ನೀರು, ಕಲ್ಲಿದ್ದಲು ಹೊರುವ ಡಬ್ಬಿ. ಅದರ ಕೆಳಗೆ ಯಾಕೆ ಎಂಜಿನ್ ಹಾಕಬೇಕು? ಇನ್ನೊಂದು, 250 ವ್ಯಾಗನ್ ಎಳೆಯುವ ಶಕ್ತಿ ಇದ್ದರೆ ಅದನ್ನು ದಿನಾ ಗೂಡ್ಸ್ ರೈಲಿನ ಮುಂದೆ ಯಾಕೆ ಹಾಕಲಿಲ್ಲ? ನಾನು ನೋಡಿದ ಫೋಟೋಗಳಲ್ಲೆಲ್ಲ ಅದು ರೈಲಿನ ಹಿಂದೆಯೇ ಇದೆ.

ಗಾಲಿಲೆಕ್ಕ:

@ಹುಬ್ಬಳ್ಳಿ ಜಂಕ್ಷನ್, ಎರಡನೆಯದಕ್ಕೆ ಉತ್ತರ ನಿಮ್ಮ ಊರಿನಿಂದ ಗೋವಾ ಕಡೆ ಹೋಗುವ ದಾರಿಯಲ್ಲೇ ಇದೆ. ಕ್ಯಾಸಲ್ ರಾಕ್‌ನಿಂದ ಕುಲೆಂಗೆ ಇಳಿಯುವ ಘಾಟ್ 37ಕ್ಕೆ 1ರ ಏರು. ಕೆಳಗಿನಿಂದ ಬರುವ ಭಾರದ ರೈಲಿಗೆ ಹಿಂದಿನಿಂದ ಬ್ಯಾಂಕರ್ (ತಳ್ಳುವ ಎಂಜಿನ್) ಕೊಡುತ್ತಾರೆ ಅಲ್ವಾ? ಮುಂದಿನ ಎಂಜಿನ್‌ಗಳ ಮೇಲೇ ಎಲ್ಲ ಭಾರ ಬಿದ್ದರೆ, ಮೊದಲ ವ್ಯಾಗನ್‌ನ ಕಪ್ಲಿಂಗ್ ಇಡೀ ರೈಲಿನ ಎಳೆತ ತಡೆದುಕೊಳ್ಳಬೇಕು. ಹಿಂದಿನಿಂದ ತಳ್ಳಿದರೆ ಆ ಭಾರ ಹಂಚಿಹೋಗುತ್ತದೆ. 1914ರ ವ್ಯಾಗನ್‌ಗಳ ಕಪ್ಲಿಂಗ್‌ಗೆ 1,60,000 ಪೌಂಡ್ ಎಳೆತ ಬಹಳ ಜಾಸ್ತಿ. ಹಾಗಾಗಿ ಟ್ರಿಪ್ಲೆಕ್ಸ್ ಹುಟ್ಟಿದ್ದೇ ಬ್ಯಾಂಕರ್ ಆಗಿ. ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಎಂಬ ರೈಲ್ವೆ ಊರಿನಿಂದ ಗಲ್ಫ್ ಸಮ್ಮಿಟ್‌ಗೆ ಏರುವ ಘಾಟ್‌ನಲ್ಲಿ ಅದಕ್ಕೆ ಕೆಲಸ.

ಈಗ ಟೆಂಡರ್ ವಿಷಯ. ಎಂಜಿನ್ ಎಷ್ಟು ಎಳೆಯಬಲ್ಲದು ಎನ್ನುವುದು ಸಿಲಿಂಡರ್ ಮೇಲೆ ಮಾತ್ರ ನಿಂತಿಲ್ಲ. ಎಳೆಯುವ ಚಕ್ರಗಳ ಮೇಲೆ ಎಷ್ಟು ತೂಕ ಕುಳಿತಿದೆ ಎನ್ನುವುದೂ ಮುಖ್ಯ. ತೂಕ ಕಡಿಮೆಯಾದರೆ ಚಕ್ರ ಇದ್ದಲ್ಲೇ ಗರಗರ ತಿರುಗುತ್ತದೆ, ರೈಲು ಕದಲುವುದಿಲ್ಲ. ಮಾಮೂಲಿ ಎಂಜಿನ್‌ನಲ್ಲಿ ಟೆಂಡರ್‌ನ ತೂಕ ಸುಮ್ನೆ ಹೊರೆ. ಅದನ್ನೂ ಎಳೆದುಕೊಂಡೇ ಘಾಟ್ ಹತ್ತಬೇಕು. ಹೆಂಡರ್‌ಸನ್ ಆ ತೂಕವನ್ನೂ ಕೆಲಸಕ್ಕೆ ಹಚ್ಚಿದರು. ಹೊರೆಯಾಗಿದ್ದ ಟೆಂಡರ್ ತಾನೇ ತಳ್ಳಲು ಕೈ ಹಚ್ಚಬೇಕು. ಕಾಗದದ ಮೇಲೆ ಇದು ನಿಜಕ್ಕೂ ಒಳ್ಳೆಯ ಯೋಚನೆ.

ತೊಂದರೆ ಏನೆಂದರೆ ಟೆಂಡರ್‌ನ ತೂಕ ನಿಲ್ಲುವಂಥದ್ದಲ್ಲ. ಅದರಲ್ಲಿ ಸುಮಾರು 38 ಸಾವಿರ ಲೀಟರ್ ನೀರು, 14 ಟನ್‌ಗೂ ಹೆಚ್ಚು ಕಲ್ಲಿದ್ದಲು. ಘಾಟ್ ಹತ್ತುತ್ತಾ ಹೋದಂತೆ ಎರಡೂ ಖಾಲಿಯಾಗುತ್ತವೆ. ಹಿಂದಿನ 8 ಚಕ್ರಗಳ ಮೇಲಿನ ತೂಕ ಇಳಿಯುತ್ತದೆ. ಆಮೇಲೆ ಅವು ಜಾರಲು ಶುರು.

ಹಳೇ ಶೆಡ್:

ನಾನು ಮೀಟರ್ ಗೇಜ್ ಕಾಲದಲ್ಲಿ ಲೋಕೋ ಶೆಡ್‌ನಲ್ಲಿ ಕೆಲಸ ಮಾಡಿದವನು. ವೈಪಿ, ವೈಜಿ ಎಂಜಿನ್‌ಗಳ ಬೆಂಕಿ ನೋಡಿಕೊಂಡವನು. ಟ್ರಿಪ್ಲೆಕ್ಸ್ ಕಂಡಿಲ್ಲ. ಆದರೆ ಅದರ ಕೊಳವೆಗಳ ನಕ್ಷೆ ನೋಡಿದ ತಕ್ಷಣ ಕಾಯಿಲೆ ಎಲ್ಲಿ ಅಂತ ಯಾವ ಫೈರ್‌ಮನ್ ಆದರೂ ಹೇಳುತ್ತಾನೆ.

ಉಗಿ ಎಂಜಿನ್‌ನ ಬೆಂಕಿಗೆ ಗಾಳಿ ಯಾರು ಊದುತ್ತಾರೆ? ಬೇರೆ ಫ್ಯಾನ್ ಇಲ್ಲ. ಸಿಲಿಂಡರ್‌ನಲ್ಲಿ ಕೆಲಸ ಮುಗಿಸಿದ ಉಗಿಯೇ ಚಿಮಣಿ ಬುಡದ ನಳಿಕೆಯಿಂದ ರಭಸವಾಗಿ ಮೇಲಕ್ಕೆ ನುಗ್ಗುತ್ತದೆ. ಹೋಗುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಸೆಳೆತಕ್ಕೆ ಬಾಯ್ಲರ್ ಕೊಳವೆಗಳ ಮೂಲಕ, ಬೆಂಕಿಯ ಮೂಲಕ, ಕೆಳಗಿನ ಜಾಲರಿಯಿಂದ ಗಾಳಿ ನುಗ್ಗುತ್ತದೆ. ನಾವು ಕೇಳುವ ಚುಕ್ ಚುಕ್ ಸದ್ದು ಅದೇ. ಎಂಜಿನ್ ಕಷ್ಟಪಟ್ಟಷ್ಟೂ ಉಗಿ ಜಾಸ್ತಿ ಹೊರಬರುತ್ತದೆ, ಸೆಳೆತ ಜಾಸ್ತಿಯಾಗುತ್ತದೆ, ಬೆಂಕಿ ಜೋರಾಗುತ್ತದೆ. ಎಂಥ ಚೆಂದದ ಏರ್ಪಾಟು ನೋಡಿ. ಯಾರೂ ಸರಿಪಡಿಸಬೇಕಿಲ್ಲ, ತಾನೇ ಸರಿಹೋಗುತ್ತದೆ.

ಟ್ರಿಪ್ಲೆಕ್ಸ್‌ನಲ್ಲಿ ಈ ಏರ್ಪಾಟನ್ನೇ ಅರ್ಧ ಕಡಿದು ಹಾಕಿದರು. ನಡುವಿನ ಎರಡು ಸಿಲಿಂಡರ್‌ಗಳಿಗೆ ಬಾಯ್ಲರ್‌ನಿಂದ ನೇರ ಉಗಿ. ಅಲ್ಲಿ ಕೆಲಸ ಮುಗಿಸಿದ ಉಗಿಯಲ್ಲಿ ಒಂದು ಸಿಲಿಂಡರ್‌ನದು ಮುಂದಿನ ಜೋಡಿಗೆ, ಇನ್ನೊಂದರದು ಹಿಂದಿನ ಜೋಡಿಗೆ. ಮುಂದಿನ ಜೋಡಿಯ ಉಗಿ ಚಿಮಣಿಗೆ ಹೋಯಿತು, ಸರಿ. ಹಿಂದಿನ ಜೋಡಿಯ ಉಗಿ? ಅದು ಟೆಂಡರ್‌ನೊಳಗೆ ನೀರು ಕಾಯಿಸುವ ಕೊಳವೆಗಳಲ್ಲಿ ಸುತ್ತಿ, ಟೆಂಡರ್ ಹಿಂಬದಿಯ ಕೊಳವೆಯಿಂದ ಆಕಾಶಕ್ಕೆ. ನೀರು ಬಿಸಿಯಾಯಿತು, ಅದು ಲಾಭವೇ. ಆದರೆ ಬೆಂಕಿಗೆ ಅರ್ಧ ಉಸಿರು ಸಿಗಲಿಲ್ಲ.

ಈಗ ಯೋಚನೆ ಮಾಡಿ. ಮೂರು ಎಂಜಿನ್‌ಗೆ ಬೇಕಾದ ಉಗಿ ಒಂದೇ ಬಾಯ್ಲರ್ ಕೊಡಬೇಕು. ಆ ಬಾಯ್ಲರ್‌ನ ಬೆಂಕಿಗೆ ಅರ್ಧ ಗಾಳಿ. ಕಲ್ಲಿದ್ದಲು ತಳ್ಳಲು ಯಂತ್ರ ಇಟ್ಟರೂ ಏನು ಬಂತು? ಗಾಳಿ ಇಲ್ಲದ ಬೆಂಕಿಗೆ ಕಲ್ಲಿದ್ದಲು ಜಾಸ್ತಿ ಹಾಕಿದರೆ ಕಪ್ಪು ಹೊಗೆ ಬರುತ್ತದೆ, ಉಗಿ ಬರುವುದಿಲ್ಲ. ಘಾಟ್ ನಡುವೆ ಒತ್ತಡ ತೋರಿಸುವ ಗೇಜ್‌ನ ಮುಳ್ಳು ಇಳಿಯುತ್ತಾ ಹೋದರೆ ಫೈರ್‌ಮನ್‌ಗೆ ಎಂಥ ಸಂಕಟ ಅಂತ ನನಗೆ ಗೊತ್ತು. ಆ ಎಂಜಿನ್ ಮೇಲೆ ಕೆಲಸ ಮಾಡಿದವರನ್ನು ನೆನೆದರೆ ಪಾಪ ಅನ್ನಿಸುತ್ತದೆ.

ಲೆಕ್ಕದ ಮೇಷ್ಟ್ರು:

@ಹಳೇ ಶೆಡ್, ನೀವು ಹೇಳಿದ್ದನ್ನು ಅಂಕಿಯಲ್ಲಿ ನೋಡೋಣ ಸರ್. ನಾನು ಶಾಲೆಯ ವ್ಯಾಸ, ಉದ್ದದ ಗಣಿತವನ್ನಷ್ಟೇ ಬಳಸುತ್ತೇನೆ.

ಟ್ರಿಪ್ಲೆಕ್ಸ್‌ನ ಆರೂ ಸಿಲಿಂಡರ್ ಒಂದೇ ಅಳತೆಯವು. 36 ಇಂಚು ವ್ಯಾಸ, 32 ಇಂಚು ಓಟ (ಪಿಸ್ಟನ್ ಚಲಿಸುವ ದೂರ). ಇದು ಜಾಣತನ. ನಡುವಿನ ಎರಡರ ಉಗಿಯನ್ನು ನಾಲ್ಕು ಸಿಲಿಂಡರ್‌ಗೆ ಹಂಚಿದಾಗ ಜಾಗ ತಾನಾಗಿ ಎರಡರಷ್ಟಾಗುತ್ತದೆ. ಸಣ್ಣ ಸಿಲಿಂಡರ್, ದೊಡ್ಡ ಸಿಲಿಂಡರ್ ಎಂದು ಬೇರೆ ಬೇರೆ ಅಚ್ಚು ಬೇಕಿಲ್ಲ. ಆದರೆ ಬಾಯ್ಲರ್‌ನಿಂದ ನೇರ ಉಗಿ ಕುಡಿಯುವ ಸಿಲಿಂಡರ್‌ಗಳೂ 36 ಇಂಚಿನವೇ ಆಗಿಬಿಟ್ಟವು. ಮೂಲ ಸಮಸ್ಯೆ ಅಲ್ಲಿದೆ.

ಒಂದು ಸಿಲಿಂಡರ್‌ನ ಜಾಗ ಸುಮಾರು 534 ಲೀಟರ್. ಚಕ್ರ ಒಂದು ಸುತ್ತು ತಿರುಗಿದರೆ ಪ್ರತಿ ಸಿಲಿಂಡರ್ ಎರಡು ಸಲ ತುಂಬುತ್ತದೆ, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಎರಡು ಸಿಲಿಂಡರ್ ಸೇರಿ ಒಂದು ಸುತ್ತಿಗೆ ಸುಮಾರು 2,135 ಲೀಟರ್. ಚಕ್ರದ ವ್ಯಾಸ 63 ಇಂಚು, ಅಂದರೆ ಒಂದು ಸುತ್ತಿಗೆ ಸುಮಾರು 5 ಮೀಟರ್ ದಾರಿ. ಪೂರ್ತಿ ತೆರೆದು ಓಡಿಸಿದರೆ ಒಂದು ಮೀಟರ್ ಮುಂದೆ ಹೋಗಲು ಸುಮಾರು 425 ಲೀಟರ್ ಉಗಿ ಬೇಕು. ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 1,900 ಲೀಟರ್.

ಡ್ರೈವರ್ ಯಾವಾಗಲೂ ಪೂರ್ತಿ ತೆರೆದು ಓಡಿಸುವುದಿಲ್ಲ, ನಿಜ. ಪಿಸ್ಟನ್ ಅರ್ಧ ದಾರಿಯಲ್ಲಿರುವಾಗಲೇ ಉಗಿ ನಿಲ್ಲಿಸಿ, ಉಳಿದದ್ದನ್ನು ಹಿಗ್ಗಲು ಬಿಡುತ್ತಾರೆ. ಆದರೆ ಘಾಟ್‌ನಲ್ಲಿ ಬ್ಯಾಂಕರ್‌ಗೆ ಆ ಐಷಾರಾಮ ಕಡಿಮೆ.

ಈ ಉಗಿ ಕೊಡುವ ಬೆಂಕಿಯ ಜಾಲರಿ ಎಷ್ಟು ದೊಡ್ಡದಿತ್ತು? 90 ಚದರ ಅಡಿ. ಬಿಗ್ ಬಾಯ್‌ನ ಜಾಲರಿ 150 ಚದರ ಅಡಿ. ಬಿಗ್ ಬಾಯ್‌ಗೆ 16 ಎಳೆಯುವ ಚಕ್ರ, ಇದಕ್ಕೆ 24. ಇಷ್ಟು ಸಾಕು ಅಂತ ಕಾಣುತ್ತದೆ.

ಮಲೆನಾಡು ಮೇಲ್:

ಎಲ್ಲರೂ ಸೇರಿ ಆ ಎಂಜಿನ್‌ಗೆ ಜಾಸ್ತಿಯೇ ಹೊಡೆಯುತ್ತಿದ್ದೀರಿ. ಒಂದು ಪ್ರಶ್ನೆ. ಮೊದಲ ಟ್ರಿಪ್ಲೆಕ್ಸ್ ಅಷ್ಟು ಕೆಟ್ಟದಾಗಿದ್ದರೆ ಈರಿ ರೈಲ್ವೆ 1916ರಲ್ಲಿ ಇನ್ನೆರಡು ಯಾಕೆ ಕೊಂಡಿತು? ಎರಡು ವರ್ಷ ಓಡಿಸಿ ನೋಡಿದ ಮೇಲೆ ತಾನೇ ದುಡ್ಡು ಹಾಕಿದ್ದು? ಮೂರೂ ಹತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿವೆ. ಗುಜರಿಗೆ ಹೋದದ್ದು 1920ರ ದಶಕದ ಕೊನೆಯ ಹೊತ್ತಿಗೆ, ಆಮೇಲೆ. ಇದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ. ವೇಗ ಬೇಡದ, ದೂರ ಹೋಗಬೇಕಿಲ್ಲದ ಕೆಲಸ. ನಿಧಾನಕ್ಕೆ ತಳ್ಳಿ, ಮೇಲೆ ಹೋಗಿ, ವಾಪಸ್ ಇಳಿದು, ನೀರು ತುಂಬಿಸಿಕೊಂಡು ಮತ್ತೆ ತಳ್ಳುವುದು. ಅದಕ್ಕೆ ಅದು ಒಗ್ಗಿತು.

ಗಾಲಿಲೆಕ್ಕ:

@ಮಲೆನಾಡು ಮೇಲ್, ಇದು ಗಟ್ಟಿ ಪ್ರಶ್ನೆ. 1916ರ ಎರಡು ಎಂಜಿನ್‌ಗಳನ್ನು ಯಾರೂ ಮರೆಯಬಾರದು. ಒಂದು ಗೊತ್ತಾದ ಘಾಟ್, ಕೆಲವೇ ಮೈಲಿ ದೂರ, ಕೆಳಗೆ ಶೆಡ್ ಇದೆ, ನೀರಿದೆ. ಅಲ್ಲಿ ಅದು ಕೆಲಸ ಮಾಡಿತು. ಒಂದು ಟ್ರಿಪ್ಲೆಕ್ಸ್ ಇದ್ದರೆ ಎರಡು ಬ್ಯಾಂಕರ್ ಉಳಿಯುತ್ತವೆ, ಎರಡು ಜೊತೆ ಸಿಬ್ಬಂದಿ ಉಳಿಯುತ್ತಾರೆ ಎನ್ನುವ ಲೆಕ್ಕ ಅವರದ್ದು.

ಆದರೆ ಅಳೆಯಬೇಕಾದ್ದು ಇನ್ನೊಂದಿದೆ. ಹೆಂಡರ್‌ಸನ್ ಅಲ್ಲಿಗೆ ನಿಂತಿರಲಿಲ್ಲ. ನಾಲ್ಕು ಗುಂಪಿನ, ಐದು ಗುಂಪಿನ ಎಂಜಿನ್‌ಗಳ ನಕ್ಷೆ ತನಕ ಹೋದರು. ಟ್ರಿಪ್ಲೆಕ್ಸ್ ದಾರಿ ತೋರಿಸಿದ್ದರೆ ಅವೂ ಬರುತ್ತಿದ್ದವು. ಒಂದೂ ಬರಲಿಲ್ಲ. ಈರಿ ಬಿಟ್ಟರೆ ಕೊಂಡದ್ದು ವರ್ಜೀನಿಯನ್ ಒಂದೇ. ಅವರ ಅನುಭವ ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ಅದರ ಬಗ್ಗೆ ಯಾರಾದರೂ ಬರೆಯುತ್ತೀರಾ?

ಕಲ್ಲಿದ್ದಲು ದಾರಿ:

ವರ್ಜೀನಿಯನ್ ನನ್ನ ಇಷ್ಟದ ರೈಲ್ವೆ. ನಾನೇ ಬರೆಯುತ್ತೇನೆ.

ಪಶ್ಚಿಮ ವರ್ಜೀನಿಯಾದ ಗಣಿಗಳಿಂದ ನಾರ್ಫಕ್ ಬಂದರಿಗೆ ಕಲ್ಲಿದ್ದಲು ಸಾಗಿಸಲೆಂದೇ ಕಟ್ಟಿದ ರೈಲ್ವೆ ಅದು. ಇಡೀ ದಾರಿ 1909ರಲ್ಲಿ ಮುಗಿಯಿತು. ಎಲ್ಮೋರ್ ಯಾರ್ಡ್‌ನಿಂದ ಕ್ಲಾರ್ಕ್ಸ್ ಗ್ಯಾಪ್‌ಗೆ ಏರುವ ದಾರಿ ಅದರ ತಲೆನೋವು. 100 ಅಡಿಗೆ 2 ಅಡಿಗಿಂತ ಸ್ವಲ್ಪ ಹೆಚ್ಚು ಏರು. ತುಂಬಿದ ಕಲ್ಲಿದ್ದಲು ರೈಲುಗಳು ಹತ್ತಬೇಕಾದ್ದೇ ಆ ಕಡೆ.

1916ರಲ್ಲಿ ಅವರು ಬಾಲ್ಡ್‌ವಿನ್‌ನಿಂದ ತಮ್ಮ ಟ್ರಿಪ್ಲೆಕ್ಸ್ ತರಿಸಿದರು. ನಂಬರ್ 700. ಚಕ್ರದ ಜೋಡಣೆ 2-8-8-8-4, ಟೆಂಡರ್ ಹಿಂದೆ 2ರ ಬದಲು 4 ಸಣ್ಣ ಚಕ್ರ. ಈರಿಯದಕ್ಕಿಂತ ಜಾಲರಿ ದೊಡ್ಡದು, ಸುಮಾರು 108 ಚದರ ಅಡಿ. ನೇರ ಉಗಿಯ ಸಿಲಿಂಡರ್ 34 ಇಂಚು. ತಪ್ಪು ತಿದ್ದುವ ಪ್ರಯತ್ನ ಕಾಣುತ್ತದೆ ಅಲ್ವಾ? ಆದರೂ ಸಾಲಲಿಲ್ಲ. ಉಗಿ ಉಳಿಯಬೇಕಾದರೆ ನಡಿಗೆಯ ವೇಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟರಲ್ಲೇ ಹೋಗಬೇಕಿತ್ತು. ಕೊನೆಗೆ ಬಾಲ್ಡ್‌ವಿನ್‌ಗೆ ವಾಪಸ್ ಕಳಿಸಿದರು. 1920ರ ಹೊತ್ತಿಗೆ ಅದನ್ನು ಬಿಚ್ಚಿ ಎರಡು ಎಂಜಿನ್ ಮಾಡಿದರು. ಮುಂಭಾಗ 2-8-8-0 ಆಯಿತು. ಟೆಂಡರ್ ಕೆಳಗಿನ ಭಾಗಕ್ಕೆ ಬಾಯ್ಲರ್ ಕೂರಿಸಿ 2-8-2 ಮಾಡಿದರು. ಬಿಡಿ ಬಿಡಿಯಾಗಿ ಎರಡೂ ಬಹಳ ವರ್ಷ ದುಡಿದವು! ಬಿಡಿಸಿ ಇಟ್ಟಾಗ ಪ್ರತಿಯೊಂದಕ್ಕೂ ತನ್ನದೇ ಬೆಂಕಿ ಸಿಕ್ಕಿತು.

ನಿಜವಾದ ಕುತೂಹಲ ಶುರುವಾಗುವುದು ಇಲ್ಲಿಂದ. ಇದೇ ರೈಲ್ವೆ 1918ರಲ್ಲಿ ಆಲ್ಕೋ ಕಂಪನಿಯಿಂದ 10 ಹೊಸ ಎಂಜಿನ್ ತರಿಸಿತು. ಎಇ ವರ್ಗ, ನಂಬರ್ 800ರಿಂದ 809. ಚಕ್ರದ ಜೋಡಣೆ 2-10-10-2. ಇದೂ ಅಪರೂಪದ್ದೇ. ಟೆಂಡರ್ ಕೆಳಗೆ ಯಾವ ಸಾಹಸವೂ ಇಲ್ಲ, ಹಳೇ ಮ್ಯಾಲೆಟ್ ಪದ್ಧತಿ. ಹಿಂದೆ 30 ಇಂಚಿನ ಸಿಲಿಂಡರ್, ಮುಂದೆ 48 ಇಂಚಿನದು. 48 ಇಂಚು ಅಂದರೆ ಸುಮಾರು 1.2 ಮೀಟರ್. ಒಬ್ಬ ಆಳು ಒಳಗೆ ಕೂರಬಹುದು. ಅಮೆರಿಕದ ಯಾವ ಎಂಜಿನ್‌ಗೂ ಅಷ್ಟು ದೊಡ್ಡ ಸಿಲಿಂಡರ್ ಇರಲಿಲ್ಲ. ಮಾಮೂಲಿ ದಾರಿಯಲ್ಲಿ ತರಲು ಅಗಲ ಜಾಸ್ತಿಯಾಗುತ್ತಿತ್ತು. ಹಾಗಾಗಿ ಮುಂದಿನ ಸಿಲಿಂಡರ್‌ಗಳನ್ನೂ ಕ್ಯಾಬನ್ನೂ ಬಿಚ್ಚಿ ಬೇರೆಯಾಗಿ ಕಳಿಸಿ, ಊರು ತಲುಪಿದ ಮೇಲೆ ಜೋಡಿಸಿದರು.

ಮಾಮೂಲಿ ಕಾಂಪೌಂಡ್ ಪದ್ಧತಿಯಲ್ಲಿ, ಅಂದರೆ ಒಂದೇ ಉಗಿಯನ್ನು ಎರಡು ಸಲ ದುಡಿಸುವಾಗ, ಎಳೆಯುವ ಬಲ 1,47,200 ಪೌಂಡ್. ಟ್ರಿಪ್ಲೆಕ್ಸ್‌ಗಿಂತ ಕಡಿಮೆ. ಆದರೆ ಉಗಿ ನಿಲ್ಲುತ್ತಿರಲಿಲ್ಲ! ಎಲ್ಮೋರ್ ಘಾಟ್‌ನಲ್ಲಿ ಎರಡೆರಡು ಎಇ ಸೇರಿ ರೈಲು ತಳ್ಳುತ್ತಿದ್ದವು. 1925ರಲ್ಲಿ ಆ ಘಾಟ್‌ಗೆ ವಿದ್ಯುತ್ ಎಂಜಿನ್ ಬಂದ ಮೇಲೂ ಇವನ್ನು ಯಾರೂ ಗುಜರಿಗೆ ಹಾಕಲಿಲ್ಲ. ಬೇರೆ ಕಡೆ 1940ರ ದಶಕದ ತನಕ ದುಡಿದವು.

ಲೆಕ್ಕದ ಮೇಷ್ಟ್ರು:

@ಕಲ್ಲಿದ್ದಲು ದಾರಿ, ನೀವು ಕೊಟ್ಟ ಅಳತೆ ನನಗೆ ಹಬ್ಬ ಆಯಿತು. ಈಗ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು.

ಎಇ ವರ್ಗದ ಜಾಲರಿ 108.7 ಚದರ ಅಡಿ, ಚಕ್ರ 56 ಇಂಚು. 30 ಇಂಚಿನ ಎರಡು ಸಿಲಿಂಡರ್ ಒಂದು ಸುತ್ತಿಗೆ ಕುಡಿಯುವುದು ಸುಮಾರು 1,483 ಲೀಟರ್. ಒಂದು ಮೀಟರ್ ದಾರಿಗೆ 332. ಅದನ್ನು ಜಾಲರಿಯ ಪ್ರತಿ ಚದರ ಅಡಿಗೆ ಹಂಚಿದರೆ 3 ಲೀಟರ್ ಚಿಲ್ಲರೆ. ಈರಿ ಟ್ರಿಪ್ಲೆಕ್ಸ್‌ನಲ್ಲಿ ಇದೇ ಲೆಕ್ಕ 4.7 ಲೀಟರ್. ವರ್ಜೀನಿಯನ್ ಟ್ರಿಪ್ಲೆಕ್ಸ್‌ನಲ್ಲಿ 3.9.

ಅಂದರೆ ಈರಿಯ ಎಂಜಿನ್ ತನ್ನ ಬೆಂಕಿಯ ಪ್ರತಿ ಚದರ ಅಡಿಯಿಂದ, ಎಇ ಕೇಳಿದ್ದಕ್ಕಿಂತ ಒಂದೂವರೆ ಪಟ್ಟು ಉಗಿ ಕೇಳುತ್ತಿತ್ತು. ಬಾಯ್ಲರ್ ಒತ್ತಡ ಎರಡರದೂ ಹತ್ತಿರ ಹತ್ತಿರ ಒಂದೇ, ಚದರ ಇಂಚಿಗೆ 210 ಮತ್ತು 215 ಪೌಂಡ್. ಹಾಗಾಗಿ ಹೋಲಿಕೆ ನ್ಯಾಯವಾದದ್ದು. ಇದರ ಮೇಲೆ ಹಳೇ ಶೆಡ್ ಅವರು ಹೇಳಿದ ಅರ್ಧ ಗಾಳಿಯ ಕಥೆ ಬೇರೆ. ವರ್ಜೀನಿಯನ್ ಟ್ರಿಪ್ಲೆಕ್ಸ್ ಯಾಕೆ ಸುಧಾರಿಸಲಿಲ್ಲ ಎನ್ನುವುದಕ್ಕೂ ಅದೇ ಉತ್ತರ. ಜಾಲರಿ ದೊಡ್ಡದು ಮಾಡಿದರು. ಆದರೆ ಅರ್ಧ ಉಗಿ ಅಲ್ಲೂ ಟೆಂಡರ್ ಹಿಂದಿನಿಂದಲೇ ಹೋಯಿತು.

ಕರಾವಳಿ ಪ್ಯಾಸೆಂಜರ್:

2-10-10-2 ಮೊದಲು ಮಾಡಿದ್ದು ಸ್ಯಾಂಟಾ ಫೆ ರೈಲ್ವೆ ಅಲ್ವಾ? 1911ರಲ್ಲಿ. ಅವು ಚೆನ್ನಾಗಿ ಓಡಲಿಲ್ಲ ಅಂತ ಓದಿದ ನೆನಪು. ಒಂದೇ ಚಕ್ರದ ಜೋಡಣೆ ಒಂದು ಕಡೆ ಸೋತು ಇನ್ನೊಂದು ಕಡೆ ಗೆದ್ದದ್ದು ಹೇಗೆ?

ಕಲ್ಲಿದ್ದಲು ದಾರಿ:

@ಕರಾವಳಿ ಪ್ಯಾಸೆಂಜರ್, ಸರಿಯಾಗಿ ಹಿಡಿದಿರಿ. ಸ್ಯಾಂಟಾ ಫೆ ತನ್ನ ಬಳಿ ಇದ್ದ 2-10-2 ಎಂಜಿನ್‌ಗಳಿಗೆ ಮುಂದೆ ಇನ್ನೊಂದು ಹತ್ತು ಚಕ್ರದ ಭಾಗ ಸೇರಿಸಿ, ಟೊಪೀಕಾ ಕಾರ್ಖಾನೆಯಲ್ಲಿ 10 ಎಂಜಿನ್ ಮಾಡಿಕೊಂಡಿತು. 3000 ವರ್ಗ ಅಂತ ಹೆಸರು. ಆಗ ಜಗತ್ತಿನ ಅತಿ ದೊಡ್ಡ ಎಂಜಿನ್‌ಗಳು ಅವೇ. ನೋಡಲು ಬಾಯ್ಲರ್ ಬಹಳ ಉದ್ದ. ಆದರೆ ಸೇರಿಸಿದ ಮುಂದಿನ ಭಾಗದಲ್ಲಿ ಇದ್ದದ್ದು ನೀರು ಕಾಯಿಸುವ ಹಂಡೆಯಂಥ ಏರ್ಪಾಟು. ಉಗಿ ಹುಟ್ಟುವ ಜಾಗ, ಬೆಂಕಿಯ ಜಾಗ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. 1915ರಿಂದ 1918ರೊಳಗೆ ಎಲ್ಲವನ್ನೂ ಬಿಚ್ಚಿ ಮತ್ತೆ 2-10-2 ಮಾಡಿದರು.

ಎಇ ವರ್ಗದಲ್ಲಿ ಹಾಗಾಗಲಿಲ್ಲ. ಅಲ್ಲಿ ಬಾಯ್ಲರನ್ನು ಮೊದಲಿನಿಂದಲೇ 20 ಎಳೆಯುವ ಚಕ್ರಗಳಿಗೆ ಅಂತಲೇ ಅಳೆದು ಮಾಡಿದ್ದರು. ಚಕ್ರದ ಅಂಕಿ ಎರಡಕ್ಕೂ ಒಂದೇ. ಅಂಕಿಯಲ್ಲಿ ಬೆಂಕಿ ಕಾಣುವುದಿಲ್ಲ.

ಇನ್ನೂ ವಿಚಿತ್ರ ಬೇಕಾದರೆ, ಅದೇ ಕಾಲದಲ್ಲಿ ಸ್ಯಾಂಟಾ ಫೆ ಕೆಲವು 2-6-6-2 ಎಂಜಿನ್‌ಗಳ ಬಾಯ್ಲರನ್ನೇ ನಡುವೆ ಕೀಲು ಹಾಕಿ ಬಾಗಿಸಿತು. ಉಕ್ಕಿನ ಬಳೆಗಳನ್ನು ಜೋಡಿಸಿ ಹಾರ್ಮೋನಿಯಂ ತಿದಿಯ ಹಾಗೆ ಮಡಚುವ ಕೀಲು. ಮಡಿಕೆಗಳಲ್ಲಿ ಕಿಡಿ, ಬೂದಿ ತುಂಬಿಕೊಂಡು ಅದೂ ನಿಲ್ಲಲಿಲ್ಲ.

ಖರಗ್‌ಪುರ ಕನ್ನಡಿಗ:

ನನ್ನ ಊರಿನ ಹೆಸರು ನೋಡಿದರೆ ನಾನು ಏನು ಹೇಳುತ್ತೇನೆ ಅಂತ ಗೊತ್ತಾಗಬೇಕು. ಗ್ಯಾರಟ್!

ಹರ್ಬರ್ಟ್ ಗ್ಯಾರಟ್ 1907ರಲ್ಲಿ ಪೇಟೆಂಟ್ ಪಡೆದ ಪದ್ಧತಿ. ಎರಡು ಎಂಜಿನ್ ಭಾಗಗಳನ್ನು ದೂರ ದೂರ ಇಟ್ಟು, ನಡುವೆ ಬಾಯ್ಲರನ್ನು ತೂಗುಸೇತುವೆಯಂತೆ ಹೊರಿಸುವುದು. ಬಾಯ್ಲರ್ ಕೆಳಗೆ ಚಕ್ರ ಇಲ್ಲ. ಹಾಗಾಗಿ ಬೆಂಕಿಗೂಡು ಬೇಕಾದಷ್ಟು ಅಗಲ, ಬೇಕಾದಷ್ಟು ಆಳ. ಬೂದಿ ಬೀಳುವ ಜಾಗವೂ ಧಾರಾಳ. ನೀರು, ಕಲ್ಲಿದ್ದಲು ಎರಡೂ ತುದಿಯ ಚಕ್ರಗಳ ಮೇಲೆ. ಟೆಂಡರ್ ತೂಕ ಕೆಲಸಕ್ಕೆ ಬರಬೇಕು ಎಂದು ಹೆಂಡರ್‌ಸನ್ ಬಯಸಿದ್ದು ಇಲ್ಲಿ ಸಲೀಸಾಗಿ ಆಗಿದೆ.

ಬೆಂಗಾಲ್ ನಾಗ್ಪುರ ರೈಲ್ವೆ ಮ್ಯಾಂಚೆಸ್ಟರ್‌ನ ಬೇಯರ್ ಪೀಕಾಕ್ ಕಂಪನಿಯಿಂದ 1929ರಲ್ಲಿ 16 ಎನ್ ವರ್ಗದ ಗ್ಯಾರಟ್ ತರಿಸಿತು. ಚಕ್ರದ ಜೋಡಣೆ 4-8-0+0-8-4. ಇದೂ ಬಹಳ ಕಡೆ ಕಾಣದ ಜೋಡಣೆ. 234 ಟನ್ ತೂಕ, ಬ್ರಾಡ್ ಗೇಜ್. ನಮ್ಮ ದೇಶದಲ್ಲಿ ಓಡಿದ ಅತಿ ದೊಡ್ಡ ಉಗಿ ಎಂಜಿನ್‌ಗಳ ಸಾಲಿನಲ್ಲಿ ಇವು ಬರುತ್ತವೆ. 815 ನಂಬರಿನದು ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ.

ಮಲೆನಾಡು ಮೇಲ್:

@ಖರಗ್‌ಪುರ ಕನ್ನಡಿಗ, ಒಂದು ನಿಮಿಷ. ಗ್ಯಾರಟ್‌ನಲ್ಲೂ ನೀರು ಖಾಲಿಯಾದಂತೆ ಚಕ್ರದ ಮೇಲಿನ ತೂಕ ಇಳಿಯುತ್ತದೆ ತಾನೇ? ಟ್ರಿಪ್ಲೆಕ್ಸ್‌ಗೆ ಅದೇ ರೋಗ ಅಂದಿರಿ. ಗ್ಯಾರಟ್‌ಗೆ ಮಾತ್ರ ಮಾಫಿಯೇ?

ಹಳೇ ಶೆಡ್:

ಇದಕ್ಕೆ ನಾನು ಹೇಳುತ್ತೇನೆ. ತೂಕ ಇಳಿಯುವುದು ನಿಜ. ಆದರೆ ಎಷ್ಟು ಪಾಲು ಇಳಿಯುತ್ತದೆ ನೋಡಿ. ಗ್ಯಾರಟ್‌ನ ಎರಡೂ ಎಂಜಿನ್ ಭಾಗಗಳ ಮೇಲೆ ಬಾಯ್ಲರ್‌ನ ಭಾರ ಅರ್ಧರ್ಧ ಕುಳಿತಿದೆ. ಅದು ಎಂದೂ ಖಾಲಿಯಾಗುವುದಿಲ್ಲ. ನೀರು, ಕಲ್ಲಿದ್ದಲು ಅದರ ಮೇಲಿನ ಭಾಗ ಮಾತ್ರ. ಟ್ರಿಪ್ಲೆಕ್ಸ್‌ನ ಮೂರನೇ ಗುಂಪಿನ ಮೇಲೆ ಬಾಯ್ಲರ್‌ನ ಭಾರವೇ ಇರಲಿಲ್ಲ. ಅದರ ಬಂಡವಾಳ ಪೂರ್ತಿ ಟೆಂಡರ್. ಟೆಂಡರ್ ಖಾಲಿಯಾದರೆ ಬಂಡವಾಳ ಖಾಲಿ.

ಇನ್ನೊಂದು ಇದಕ್ಕಿಂತ ಮುಖ್ಯ. ಗ್ಯಾರಟ್‌ನ ಎರಡೂ ಭಾಗಗಳ ಉಗಿ ಕೊನೆಗೆ ಒಂದೇ ಚಿಮಣಿಗೆ ಬರುತ್ತದೆ. ಹಿಂದಿನ ಭಾಗದ ಉಗಿಯನ್ನೂ ಬಾಯ್ಲರ್ ಉದ್ದಕ್ಕೂ ಕೊಳವೆಯಲ್ಲಿ ಮುಂದಕ್ಕೆ ತಂದು ಬೆಂಕಿಗೆ ಗಾಳಿ ಊದಿಸುತ್ತಾರೆ. ಕೊಳವೆ ಉದ್ದ, ಕೀಲು ಜಾಸ್ತಿ, ನೋಡಿಕೊಳ್ಳುವ ಕೆಲಸ ಜಾಸ್ತಿ. ಆದರೆ ಉಸಿರು ಪೂರ್ತಿ.

ಲೆಕ್ಕದ ಮೇಷ್ಟ್ರು:

ಎನ್ ವರ್ಗಕ್ಕೂ ಅದೇ ಲೆಕ್ಕ ಹಾಕಿದೆ. ಸಿಲಿಂಡರ್ ನಾಲ್ಕು, ಇಪ್ಪತ್ತೂವರೆ ಇಂಚು ವ್ಯಾಸ, 26 ಇಂಚು ಓಟ, ಚಕ್ರ 56 ಇಂಚು, ಒತ್ತಡ 210 ಪೌಂಡ್. ಜಾಲರಿ ಸುಮಾರು 70 ಚದರ ಅಡಿ. ಒಂದು ಮೀಟರ್‌ಗೆ ಸುಮಾರು 252 ಲೀಟರ್, ಪ್ರತಿ ಚದರ ಅಡಿಗೆ 3.6.

ಎಇಗಿಂತ ಜಾಸ್ತಿ, ಈರಿ ಟ್ರಿಪ್ಲೆಕ್ಸ್‌ಗಿಂತ ಬಹಳ ಕಡಿಮೆ. ಒಂದು ಎಚ್ಚರ: ಎನ್ ವರ್ಗ ಕಾಂಪೌಂಡ್ ಅಲ್ಲ. ನಾಲ್ಕೂ ಸಿಲಿಂಡರ್‌ಗೆ ನೇರ ಉಗಿ. ಅಂಥ ಎಂಜಿನ್‌ನಲ್ಲಿ ರೈಲು ಒಮ್ಮೆ ಹೊರಟ ಮೇಲೆ ಉಗಿಯನ್ನು ಬೇಗ ನಿಲ್ಲಿಸಿ ಹಿಗ್ಗಲು ಬಿಡುತ್ತಾರೆ. ಹಾಗಾಗಿ ಓಡುವಾಗಿನ ನಿಜವಾದ ಖರ್ಚು ಈ ಅಂಕಿಗಿಂತ ತುಂಬಾ ಕಡಿಮೆ.

ಹುಬ್ಬಳ್ಳಿ ಜಂಕ್ಷನ್:

ಎಲ್ಲಾ ತಿಳೀತು ಸರ್. ಕೊನೇ ಪ್ರಶ್ನೆ. ನನ್ನ ತಂಗಿ ಅಮೆರಿಕದ ಪೂರ್ವ ಭಾಗದಲ್ಲಿದ್ದಾಳೆ, ನಾನು ಬೇಸಿಗೆಯಲ್ಲಿ ಹೋಗುವವನಿದ್ದೇನೆ. ಟ್ರಿಪ್ಲೆಕ್ಸ್ ಎಲ್ಲಾದರೂ ಉಳಿದಿದೆಯೇ? ಇಲ್ಲದಿದ್ದರೆ ಬೇರೆ ಏನು ನೋಡಬಹುದು?

ಕಲ್ಲಿದ್ದಲು ದಾರಿ:

ಟ್ರಿಪ್ಲೆಕ್ಸ್ ಒಂದೂ ಉಳಿದಿಲ್ಲ. ಎಇ ವರ್ಗವೂ ಇಲ್ಲ. ಆದರೆ ಸಸ್ಕ್ವೆಹಾನಾ ಪಕ್ಕದ ಲೇನ್ಸ್‌ಬರೊ ಊರಿಗೆ ಹೋಗಿ. ಗಲ್ಫ್ ಸಮ್ಮಿಟ್‌ಗೆ ಏರುವ ಅದೇ ಈರಿ ದಾರಿಯಲ್ಲಿ ಸ್ಟಾರಕ್ಕಾ ಕಲ್ಲಿನ ಸೇತುವೆ ಇದೆ. 1848ರಲ್ಲಿ ಕಟ್ಟಿದ್ದು, ಕಮಾನಿನ ಮೇಲೆ ಕಮಾನಿಲ್ಲದ ಒಂದೇ ಎತ್ತರದ ಸಾಲು. ಅಲ್ಲಿಂದ ದಕ್ಷಿಣಕ್ಕೆ ಸ್ಕ್ರ್ಯಾಂಟನ್ ಊರಿನ ಸ್ಟೀಮ್‌ಟೌನ್ ರೈಲು ಮ್ಯೂಸಿಯಂನಲ್ಲಿ ಬಿಗ್ ಬಾಯ್ 4012 ನಿಂತಿದೆ. ಅದರ ಬೆಂಕಿಗೂಡಿನ ಅಗಲ ನೋಡಿದರೆ ಮೇಷ್ಟ್ರ ಅಂಕಿಗಳು ಕಣ್ಣಿಗೆ ಕಾಣುತ್ತವೆ.

ಓಡುವ ಕಾಂಪೌಂಡ್ ಮ್ಯಾಲೆಟ್ ನೋಡಬೇಕಾದರೆ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ಗೆ ಹೋಗಿ. ಅಲ್ಲಿನ ಪ್ರವಾಸಿ ರೈಲ್ವೆಯಲ್ಲಿ 1309 ನಂಬರಿನ 2-6-6-2 ಇದೆ. 1949ರಲ್ಲಿ ಬಾಲ್ಡ್‌ವಿನ್ ಮಾಡಿದ್ದು. ಬಹಳ ವರ್ಷ ರಿಪೇರಿ ಮಾಡಿ 2021ರ ಕೊನೆಯಲ್ಲಿ ಮತ್ತೆ ಓಡಿಸಿದ್ದಾರೆ. ಫ್ರಾಸ್ಟ್‌ಬರ್ಗ್ ತನಕ ಏರು ದಾರಿ. ಹೊರಡುವ ಮೊದಲು ಆ ದಿನ ಉಗಿ ಎಂಜಿನ್ ಇದೆಯೋ ಡೀಸೆಲ್ ಇದೆಯೋ ವಿಚಾರಿಸಿಕೊಳ್ಳಿ.

ಹಳೇ ಶೆಡ್:

@ಹುಬ್ಬಳ್ಳಿ ಜಂಕ್ಷನ್, ಹೋದರೆ ಮುಂದಿನ ಸಿಲಿಂಡರ್ ಪಕ್ಕ ನಿಂತು, ಅಲ್ಲಿಂದ ಚಿಮಣಿ ಬುಡಕ್ಕೆ ಹೋಗುವ ಕೀಲಿನ ಕೊಳವೆಯ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ. ಉಗಿ ಸೋರದ ಹಾಗೆ ಅದರ ಪ್ಯಾಕಿಂಗ್ ಹೇಗೆ ಕೂರಿಸಿದ್ದಾರೆ ಅಂತ ನೋಡಬೇಕು ನನಗೆ. ಸದ್ದಿನ ರೆಕಾರ್ಡಿಂಗ್ ಮಾಡುವುದಾದರೆ ಏರಿನಲ್ಲಿ ಮಾಡಿ, ಸ್ಟೇಷನ್‌ನಲ್ಲಿ ಬೇಡ.